ಅತ್ತೆ ಅಳಿಯನ ಕಡಲದಾರಿ

ಅತ್ತೆ ಮತ್ತು ಅಳಿಯ ಇಬ್ಬರೇ ಬೆನ್ನಿಗೆ ಚೀಲ ಏರಿಸಿಕೊಂಡು, ಕಡಲಂಚಿನ ಬಂಡೆಗಳ ಮೇಲಿನ ಕಾಲುದಾರಿ ಹಿಡಿದರೆ ನೋಡಿದವರಿಗೆ ವಿಚಿತ್ರ ಅನ್ನಿಸುವುದು ಸಹಜ. ಇಬ್ಬರನ್ನೂ ಜೋಡಿಸಿದ್ದವಳು ಈಗ ಇರಲಿಲ್ಲ. ಆಕೆಯ ಮಗಳು, ಅವನ ಹೆಂಡತಿ, ರಕ್ತದ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಈ ದಾರಿಯ ಹುಚ್ಚು ಹಿಡಿಸಿದವಳೂ ಅವಳೇ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಚಿಕ್ಕಂದಿನಲ್ಲಿ ತಾಯಿ ಸುಂಟರಗಾಳಿ ಎಂದು ಬೈಯುತ್ತಿದ್ದದ್ದೇ ಸವೆದು ಸವೆದು ‘ಸುಂಟಿ’ ಎಂದು ಉಳಿದುಕೊಂಡಿತ್ತು. ಮದುವೆಗೆ ಮುಂಚೆ ಮೊದಲ ಸಲ ಮನೆಗೆ ಬಂದ ಈ ಅಳಿಯ ಅದನ್ನು ಶುಂಠಿ ಎಂದು ಕೇಳಿಸಿಕೊಂಡು, “ಅಷ್ಟೇನೂ ಖಾರ ಇಲ್ಲ ಬಿಡಿ” ಎಂದು ಗಂಭೀರವಾಗಿ ಹೇಳಿ ನಗೆಪಾಟಲಾಗಿದ್ದ. ಮದುವೆಯಾದ ವರ್ಷವೇ ಅವಳು ಗಂಡನ ಜೊತೆ ತಾಯಿಯನ್ನೂ ಎಳೆದುಕೊಂಡು ಇಲ್ಲಿಗೆ ಬಂದಳು. ದೀಪಸ್ತಂಭದ ಬುಡದಿಂದ ಹೊರಟು, ಸಮುದ್ರದೊಳಕ್ಕೆ ಮೂತಿ ಚಾಚಿದ ಗುಡ್ಡಗಳನ್ನು ಒಂದೊಂದಾಗಿ ಹತ್ತಿಳಿದು, ಮೀನುದೋಣಿಗಳ ಬಂದರು ಮುಟ್ಟುವ ದಾರಿ. “ಹೊಸ ಗಂಡನ ಜೊತೆ ತಿರುಗಾಡೋಕೆ ಹೋಗುವಾಗ ಅಮ್ಮನ್ನ ಯಾರಾದರೂ ಕರ್ಕೊಂಡು ಹೋಗ್ತಾರೇನೇ?” ಎಂದು ತಾಯಿ ಗೊಣಗಿದ್ದಳು. ಗೊಣಗುತ್ತಲೇ ಎಲ್ಲರಿಗಿಂತ ಮುಂದೆ ನಡೆದಿದ್ದಳು.

ಸುಂಟಿ ಹೋದ ಮೇಲೆ ಬಂದ ಚಳಿಗಾಲದ ಕೊನೆಯಲ್ಲಿ ಅಳಿಯ ಫೋನ್ ಮಾಡಿದ. “ಅತ್ತೆ, ಹೋಗೋಣ್ವಾ?” ಎಂದ. ಎಲ್ಲಿಗೆ ಎಂದು ಆಕೆ ಕೇಳಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅದೇ ಆಯಿತು.

ಆಕೆಯದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೇಣದ ಅಚ್ಚು, ಸಣ್ಣ ಚಿಮಟ, ಉಜ್ಜುವ ಯಂತ್ರದ ನಡುವೆ ದಿನವಿಡೀ ಕೂತು ಕಂಡವರ ಬಾಯಿಗೆ ಹಲ್ಲು ತಯಾರಿಸುತ್ತಿದ್ದಳು. “ಈ ಊರಿನ ಮುದುಕರೆಲ್ಲ ನಗೋದು ನನ್ನ ಹಲ್ಲಲ್ಲೇ” ಎನ್ನುವುದು ಆಕೆಯ ಹಳೇ ತಮಾಷೆ. ಅಲ್ಲಿ ಮಗಳ ಸುದ್ದಿ ಎತ್ತಿದರೆ ಜೊತೆಯವರು ಪಾಪ ಎಂದು ಮುಖ ಸಣ್ಣ ಮಾಡಿ, ಹವೆಯ ವಿಚಾರಕ್ಕೆ ಹೊರಳುತ್ತಿದ್ದರು. ಅಕ್ಕತಂಗಿಯರೂ ಅಷ್ಟೇ. “ಆದದ್ದಾಯ್ತು, ಇನ್ನೆಷ್ಟು ಕೆದಕ್ತೀಯ?” ಎನ್ನುತ್ತಿದ್ದರು.

ಈ ದಾರಿಯಲ್ಲಿ ಮಾತ್ರ ಕೆದಕಬಹುದಾಗಿತ್ತು. ಅಳಿಯ ಲಿಫ್ಟ್ ರಿಪೇರಿ ಮಾಡುವವನು; ಮಾತು ಕಡಿಮೆ. ಆದರೂ ಕಡಲ ಸದ್ದಿನಲ್ಲಿ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಸುಂಟಿಯ ಬಾಲ್ಯ ಆಕೆಯ ಹತ್ತಿರ ಇತ್ತು, ಸಂಸಾರ ಅವನ ಹತ್ತಿರ. ಅವಳು ಅಂಗಡಿಯವನ ತಕ್ಕಡಿಯಲ್ಲಿ ಹೋಗಿ ಕೂತಿದ್ದನ್ನು ಆಕೆ ಹೇಳಿದರೆ, ಅವಳು ನಿದ್ದೆಯಲ್ಲಿ ಮಕ್ಕಳಿಗೆ “ಕಾಲು ಬಡೀ, ಕಾಲು ಬಡೀ” ಎನ್ನುತ್ತ ತನಗೆ ಒದೆಯುತ್ತಿದ್ದದ್ದನ್ನು ಅವನು ಹೇಳುತ್ತಿದ್ದ. ಕೇಳಿದ್ದನ್ನೇ ಕೇಳಿದರೂ ಇಬ್ಬರಿಗೂ ಬೇಸರವಿರಲಿಲ್ಲ.

ಈ ಸಲ ಅವನು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದ. ಯಾವಾಗಿನಂತೆ ಆಕೆಯ ಹಿಂದೆಯೇ ನಡೆಯುತ್ತಿದ್ದ, ಆದರೆ ಏನು ಕೇಳಿದರೂ ಹ್ಞೂಂ, ಹ್ಞೂಂ. ಮೊದಲ ಗುಡ್ಡದ ತುದಿಯಲ್ಲಿ ಬ್ರೆಡ್ಡು ಬಿಚ್ಚಿದರೆ ಅರ್ಧ ತಿಂದು ಹಕ್ಕಿಗೆ ಎಸೆದ. ಮುಖ ಇಳಿದಿತ್ತು. ಸುಂಟಿಗೂ ಶುರುವಾದದ್ದು ಹೀಗೆಯೇ: ಊಟ ಸೇರದೆ, ಮುಖ ಬಾಡಿ, ಏನೂ ಇಲ್ಲಮ್ಮಾ ಎನ್ನುತ್ತ.

ಎರಡನೆಯ ಗುಡ್ಡದ ಮೇಲೆ, ಗಾಳಿಗೆ ಬೆನ್ನು ಕೊಟ್ಟ ಕಲ್ಲುಬೆಂಚಿನ ಹತ್ತಿರ ಆಕೆ ನಿಂತೇಬಿಟ್ಟಳು. ಮೈಮೇಲೆ ಮಗಳ ಕೇಸರಿ ಬಣ್ಣದ ಮಳೆಯಂಗಿ. ಈ ದಾರಿಗೆಂದೇ ತೆಗೆದಿಟ್ಟಿದ್ದದ್ದು.

“ಡಾಕ್ಟರು ಏನಂದ್ರು?”

“ಯಾವ ಡಾಕ್ಟರು?”

“ನನ್ನ ಹತ್ರ ಮುಚ್ಚಿಡಬೇಡಪ್ಪಾ. ಒಂದು ಸಲ ನೋಡಿದ ಕಣ್ಣು ಇದು. ಏನು ಕಾಯಿಲೆ, ಹೇಳಿಬಿಡು.”

ಅವನು ಕಕ್ಕಾಬಿಕ್ಕಿಯಾಗಿ ಆಕೆಯನ್ನು ನೋಡಿದ. “ಕಾಯಿಲೆ ಏನಿಲ್ಲ ಅತ್ತೆ. ನಾನು...” ಎಂದು ಚೀಲದ ಪಟ್ಟಿ ಎಳೆದುಕೊಂಡ. “ನಾನು ಮದುವೆ ಆಗ್ತಾ ಇದೀನಿ.”

ಆಕೆಗೆ ಮೊದಲು ಬಂದದ್ದು ನಗು. ಹೋದ ಜೀವ ಬಂದಂತಾಗಿ ಬೆಂಚಿನ ಮೇಲೆ ಕುಸಿದು ನಕ್ಕಳು. “ಅಯ್ಯೋ ನಿನ್ನ ಮನೆ ಕಾಯಾ! ಇದನ್ನ ಹೇಳೋಕೆ ಹೆಣದ ಮುಖ ಮಾಡ್ಕೊಂಡು ಬರಬೇಕಿತ್ತಾ? ಯಾರಪ್ಪಾ ಅವಳು?”

ಪಕ್ಕದ ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳಂತೆ. ಅಲ್ಲಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳಂತೆ. ಅವನು ರಿಪೇರಿ ಮಾಡುವಷ್ಟು ಹೊತ್ತೂ, ಹೆದರಬಾರದೆಂದು, ಬಾಗಿಲಿನಾಚೆಯಿಂದ ಅವಳನ್ನು ಮಾತಾಡಿಸುತ್ತ ಇದ್ದನಂತೆ.

“ನೀನು? ಮಾತಾಡಿಸಿದ್ಯಾ? ಹಾಗಾದ್ರೆ ನಿಜ ಬಿಡು” ಎಂದಳು. ಅವನೂ ನಕ್ಕ. ಕೆಳಗೆ ಅಲೆಗಳು ಬಂಡೆಗೆ ಬಡಿಯುತ್ತಿದ್ದವು.

“ಅವಳ ಊರಲ್ಲೇ ಮನೆ ನೋಡಿದೀವಿ” ಎಂದ ಅವನು, ಬೂಟಿನ ದಾರ ನೋಡುತ್ತ. “ಇನ್ಮೇಲೆ ಇಲ್ಲಿಗೆ ಬರೋದು... ಆಗಲ್ಲ ಅನ್ಸುತ್ತೆ, ಅತ್ತೆ.”

“ಆಯ್ತಲ್ಲ. ಅದಕ್ಕೇನಂತೆ?”

“ಅವಳಿಗೆ ಎಲ್ಲಾ ಹೇಳಿದೀನಿ. ನಿಮ್ಮನ್ನ ಮನೆಗೆ ಕರ್ಕೊಂಡು ಬಾ ಅಂತಾಳೆ.”

“ನಾನು ಅವಳಿಗೆ ಏನಾಗಬೇಕಪ್ಪಾ? ಸವತಿಯ ತಾಯಿ!” ಎಂದಳು. “ಸವತಿಯ ತಾಯಿಗೆ ಮಣೆ ಹಾಕಿ ಕೂರಿಸಿದವರನ್ನ ನಾನಂತೂ ಕಾಣೆ.” ತಮಾಷೆಗೆಂದೇ ಆಡಿದ ಮಾತು. ಬಾಯಿಂದ ಹೊರಬಿದ್ದ ಮೇಲೆ ಅದಕ್ಕೆ ಹಲ್ಲಿದ್ದದ್ದು ಗೊತ್ತಾಯಿತು. ಅವನ ಮುಖ ಕೆಂಪಗಾಯಿತು. ಆಕೆ ಚೀಲ ಎತ್ತಿಕೊಂಡು, ಹಿಂತಿರುಗಿ ನೋಡದೆ ಇಳಿಜಾರು ಹಿಡಿದಳು.

ಸಿಟ್ಟಾದರೂ ಯಾರ ಮೇಲೆ? ಅವನಿನ್ನೂ ಎಳೆಯ ಪ್ರಾಯದವನು. ಆಕೆಯೇ ಎಷ್ಟೋ ಸಲ ನೆರೆಯವರ ಮುಂದೆ, ಆ ಹುಡುಗ ಇನ್ನೊಂದು ಮದುವೆ ಆಗಲಿ ಪಾಪ ಎಂದವಳು. ಆಗಲಿ ಎನ್ನುವುದು ಸುಲಭವಿತ್ತು. ಆಗುತ್ತದೆ ಎಂದರೆ ಹೀಗೆ ಎಂದು ಗೊತ್ತಿರಲಿಲ್ಲ. ಇನ್ನು ಸುಂಟಿಯ ಸುದ್ದಿಯನ್ನು ಯಾರ ಹತ್ತಿರ ಆಡುವುದು? ಅವಳು ನಿದ್ದೆಯಲ್ಲಿ ಕಾಲು ಬಡಿಯುತ್ತಿದ್ದದ್ದನ್ನು ಯಾರ ಬಾಯಿಂದ ಕೇಳುವುದು? ಕಣ್ಣು ಮಂಜಾಗಿ ಮೆಟ್ಟಿಲುಗಲ್ಲುಗಳು ಒಂದಕ್ಕೆರಡಾಗಿ ಕಾಣುತ್ತಿದ್ದವು.

ಗುಡ್ಡದ ಕೆಳಗೆ ಸಣ್ಣದೊಂದು ಕೊಲ್ಲಿ. ಇಳಿತದ ಹೊತ್ತಿನಲ್ಲಿ ಅಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆಚೆ ದಡ ಸೇರಬಹುದು. ಉಬ್ಬರದಲ್ಲಿ ಸುತ್ತುದಾರಿಯೇ ಗತಿ. ಉಬ್ಬರ ಶುರುವಾಗಿತ್ತು. ಬಂಡೆಗಳ ಸಂದಿಯಲ್ಲಿ ನೊರೆ ಏರಿ ಇಳಿಯುತ್ತಿತ್ತು. ಆಕೆಗೆ ಅದು ಕಂಡಿತು, ಕಂಡೂ ಕಾಲಿಟ್ಟಳು. ಒಂದು ಬಂಡೆ, ಇನ್ನೊಂದು, ಮತ್ತೊಂದು. ದೊಡ್ಡ ಅಲೆಯೊಂದು ಎದ್ದು ಮುಂದಿನ ಬಂಡೆಯನ್ನೇ ನುಂಗಿತು.

“ಸುಂಟೀ!”

ಹಿಂದಿನಿಂದ ಅಳಿಯ ಕೂಗಿದ್ದ. ಗಂಟಲು ಹರಿಯುವ ಹಾಗೆ.

“ಓ!” ಎಂದಳು ಆಕೆ.

ಯಾಕೆ ಓಗೊಟ್ಟಳೋ ಆಕೆಗೂ ತಿಳಿಯದು. ಅಷ್ಟು ವರ್ಷ ಯಾರೂ ಗಟ್ಟಿಯಾಗಿ ಕೂಗದ ಹೆಸರು. ಕೂಗಿದವರಿಗೆ ಯಾರಾದರೂ ಓ ಎನ್ನಬೇಕಲ್ಲ. ತಿರುಗುವ ಭರದಲ್ಲಿ ಪಾಚಿಯ ಮೇಲೆ ಕಾಲು ಜಾರಿತು. ಬಂಡೆಗಳ ಸಂದಿಗೆ ಬಿದ್ದಳು. ಪಾದ ಸಿಕ್ಕಿಕೊಂಡಿತು. ಮುಂದಿನ ಅಲೆ ಸೊಂಟದವರೆಗೆ ಬಂತು.

ಅವನು ಚೀಲ ಎಸೆದು ನೀರಿಗೆ ಇಳಿದ. ಆಕೆಯ ಬೂಟಿನ ದಾರ ಬಿಚ್ಚಲಾಗದೆ ಚಾಕುವಿನಿಂದ ಕತ್ತರಿಸಿದ. ಬೂಟನ್ನು ಸಮುದ್ರಕ್ಕೆ ಬಿಟ್ಟು, ಆಕೆಯನ್ನು ಕಂಕುಳಿಗೆ ಕೈಹಾಕಿ ಎಳೆದು, ಬೆನ್ನ ಮೇಲೆ ಹೊತ್ತು, ಬಂದ ದಡಕ್ಕೇ ತಂದು ಹಾಕಿದ. ಇಬ್ಬರಿಗೂ ಏದುಸಿರು. ಆಕೆಯ ಪಾದ ಆಗಲೇ ಊದಿಕೊಳ್ಳುತ್ತಿತ್ತು.

ಆಮೇಲೆ ಅವನು ಅತ್ತ. ಹೆಂಡತಿ ತೀರಿಕೊಂಡ ದಿನ ಎಲ್ಲರಿಗೂ ಫೋನ್ ಮಾಡುತ್ತ, ಗಾಡಿ ಗೊತ್ತು ಮಾಡುತ್ತ ಓಡಾಡಿದವನು, ಕಣ್ಣಲ್ಲಿ ಹನಿ ತಂದಿರಲಿಲ್ಲ. ಕಲ್ಲುಮನಸ್ಸು ಎಂದು ಕೆಲವರು ಆಡಿಕೊಂಡಿದ್ದರು. ಈಗ ಒದ್ದೆ ಜಲ್ಲಿಕಲ್ಲುಗಳ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿ ಅತ್ತ.

“ನಿಮ್ಮ ನಡಿಗೆ ಅವಳದ್ದೇ ಅತ್ತೆ” ಎಂದ, ಬಿಕ್ಕುಗಳ ನಡುವೆ. “ಆ ಭುಜ, ಆ ಕೈ ಬೀಸೋದು, ಎಲ್ಲಾ. ವರ್ಷ ವರ್ಷ ನಿಮ್ಮ ಹಿಂದೆ ನಡೀತೀನಲ್ಲ... ಮುಖ ಕಾಣಲ್ಲ. ಅವಳೇ ಹೋಗ್ತಿದಾಳೆ ಅನ್ಸುತ್ತೆ. ನೀವು ತಿರುಗಿದಾಗಲೆಲ್ಲ ಅವಳು ಮತ್ತೆ ಸಾಯ್ತಾಳೆ. ನನ್ನ ಕೈಲಿ ಆಗ್ತಿಲ್ಲ.”

ಮಗಳನ್ನು ಹೆತ್ತವಳಿಗೆ ಮಗಳ ಹೋಲಿಕೆ ಇರುವುದರಲ್ಲಿ ತಪ್ಪೇನಿದೆ? ಆದರೂ ಅದೇ ತಪ್ಪಾಗಿ ಅವನನ್ನು ದೂರ ತಳ್ಳುತ್ತಿತ್ತು, ಅದಕ್ಕೆ ಮದ್ದಿರಲಿಲ್ಲ. ಆಕೆ ಕೈ ಚಾಚಿ ಅವನ ಒದ್ದೆ ತಲೆ ಸವರಿದಳು.

“ಬರಬೇಡ ಬಿಡಪ್ಪಾ” ಎಂದಳು. “ನಾನೇ ಹೇಳ್ತಾ ಇದೀನಿ. ಮದುವೆ ಆಗು, ಸುಖವಾಗಿರು. ಇಲ್ಲಿಗೆ ಬರಬೇಡ.”

“ನಿಮ್ಮ ಮನೆಗೆ ಬರ್ತೀನಿ ಅತ್ತೆ.”

“ಬರುವಿಯಂತೆ.”

ಆ ಸಲ ಅವರು ಬಂದರು ಮುಟ್ಟಲಿಲ್ಲ. ಅವನು ಆಕೆಯನ್ನು ಹೊತ್ತುಕೊಂಡೇ ಮೇಲಿನ ರಸ್ತೆಗೆ ಬಂದ. ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ, ಅವನು ಈಚೆ. ಆಕೆಯ ಒಂದು ಕಾಲಲ್ಲಿ ಬೂಟು, ಇನ್ನೊಂದಕ್ಕೆ ಅವನ ಮಫ್ಲರು ಸುತ್ತಿತ್ತು. ಯಾರೂ ಸುಂಟಿಯ ಸುದ್ದಿ ಎತ್ತಲಿಲ್ಲ.

ಮದುವೆಗೆ ಆಕೆ ಹೋಗಲಿಲ್ಲ. ಕಾಲುನೋವಿನ ನೆಪ ಹೇಳಿದಳು, ಕಾಲು ಆಗಲೇ ವಾಸಿಯಾಗಿತ್ತು. ಅವನು ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಕ್ಷೇಮ, ಕೆಲಸ, ಹವೆ. ಹವೆಯ ಮಾತು ಬಂದಾಗಲೆಲ್ಲ ಆಕೆಗೆ ಕ್ಲಿನಿಕ್ಕಿನ ಜೊತೆಯವರು ನೆನಪಾಗುತ್ತಿದ್ದರು. ಬರಬರುತ್ತ ಫೋನು ವಿರಳವಾಯಿತು. ಒಂದು ದಿನ, ಅವನ ಹೆಂಡತಿಗೆ ದಿನ ತುಂಬುತ್ತಿದೆ ಎಂಬ ಸುದ್ದಿ ಬಂತು. “ಒಳ್ಳೇದಾಗಲಿ” ಎಂದಳು. ನಿಜಕ್ಕೂ ಒಳ್ಳೆಯದಾಗಲಿ ಎಂದೇ ಇತ್ತು ಮನಸ್ಸಿನಲ್ಲಿ. ಫೋನಿಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು.

ಚಳಿಗಾಲ ಮುಗಿಯುತ್ತ ಬಂದಾಗ ಹೊಸ ಬೂಟು ಕೊಂಡು ಒಬ್ಬಳೇ ಹೊರಟಳು. ಕೊಲ್ಲಿಯ ಹತ್ತಿರ ಸುತ್ತುದಾರಿ ಹಿಡಿದಳು. ಗಾಳಿಗೆ ಹೇಳಿದರೆ ಸಾಕೆಂದುಕೊಂಡು ತಕ್ಕಡಿಯ ಕಥೆ ಶುರುಮಾಡಿ, ಎರಡು ಮಾತಾಡುವಷ್ಟರಲ್ಲಿ ನಿಲ್ಲಿಸಿದಳು. ಹ್ಞೂಂ ಎನ್ನುವವರಿಲ್ಲದೆ ಕಥೆ ಮುಂದೆ ಹೋಗಲಿಲ್ಲ.

ಸಂಜೆ, ಅವರಿಬ್ಬರೂ ವರ್ಷ ವರ್ಷ ತಂಗುತ್ತಿದ್ದ ಬಂದರಿನ ವಸತಿಗೃಹದ ಒಡತಿ ಕೀಲಿ ಕೊಡುತ್ತ ಆಕೆಯ ಹಿಂದೆ ಇಣುಕಿ ನೋಡಿದಳು. “ಮಗ ಎಲ್ಲಿ? ಈ ಸಲ ಬರಲಿಲ್ವಾ?”

ಮಗ ಅಲ್ಲ, ಅಳಿಯ ಎಂದು ಹೇಳಿದರೆ ಮಗಳೆಲ್ಲಿ ಎಂದು ಕೇಳುತ್ತಾಳೆ.

“ಅವನಿಗೆ ಮದುವೆ ಆಯ್ತು” ಎಂದಳು.

“ಅಬ್ಬಾ, ಸಂತೋಷ! ಸೊಸೆ ಹೇಗಿದಾಳೆ?”

ಆಕೆ ಬಗ್ಗಿ ಚೀಲ ಎತ್ತಿಕೊಂಡಳು. ಮೆಟ್ಟಿಲಿನ ಕಡೆ ತಿರುಗಿ, “ಒಳ್ಳೆಯವಳಂತೆ” ಎಂದಳು.