ಕುವೈರಾದ ಥರ್ಮೋಸ್ಟಾಟ್ ತೋರಣ

ಕುವೈರಾದ ಹೆದ್ದಾರಿ ಬದಿಯಲ್ಲಿ ಅಬು ಸಖರನ ಗ್ಯಾರೇಜು. ಬಾಗಿಲಿಗೆ ಒಂದು ತೋರಣ. ಎಲೆಯದ್ದಲ್ಲ, ಥರ್ಮೋಸ್ಟಾಟುಗಳದ್ದು. ಯಾವ ಲಾರಿ ರಿಪೇರಿಗೆ ಬಂದರೂ ಆತ ಮೊದಲು ಇಂಜಿನ್ನಿನಿಂದ ಆ ಹಿತ್ತಾಳೆ ಬಿಲ್ಲೆಯನ್ನು ಕಿತ್ತು ತಂತಿಗೆ ಪೋಣಿಸುತ್ತಿದ್ದ.

"ನೀರು ಹೋಗೋ ದಾರಿಗೆ ಬಾಗಿಲು ಯಾಕ್ರಯ್ಯಾ? ಇದು ಹಿಮ ಬೀಳೋ ದೇಶದೋರಿಗೆ. ಮರುಭೂಮೀಲಿ ಕಿತ್ತು ಬಿಸಾಕಿದ್ರೇನೇ ಇಂಜಿನ್ ತಣ್ಣಗಿರೋದು."

ತೋರಣದ ನಡುವಿನದು ಅವನ ಸ್ವಂತ ಲಾರಿಯದು. ಗಾಳಿ ಬೀಸಿದರೆ ಅದರ ಕಿಣಿಕಿಣಿ ಅಕಬಾ ಬಂದರಿಗೆ ಕೇಳಿ, ಹಡಗುಗಳು ಹೊರಡುವ ಗಂಟೆಯಾಯಿತೆಂದು ಲಂಗರು ಎತ್ತುತ್ತಿದ್ದವು. ನಾನೇ ಕಂಡಿದ್ದೇನೆ.

ಇಂಥವನ ಮಗಳು ಶೈಹಾಳನ್ನು ನಮ್ಮ ಲಾರಿ ಡ್ರೈವರ್ ಮುಫ್ಲಿಹ್ ಮೆಚ್ಚಿದ. ಹೆಣ್ಣು ಕೇಳಲು ಹನ್ನೆರಡು ಮಂದಿ ಹೋದೆವು. ಹಿರಿಯರಾದ ಹಾಜಿ ದುಹೈಮ್ ಮುಂದೆ ಕಾಫಿ ಬಟ್ಟಲು ಬಂತು. ಹಾಜಿ ಮುಟ್ಟಲಿಲ್ಲ.

"ಬಂದ ಕೆಲ್ಸ ಆಗೋವರೆಗೂ ಕುಡಿಯಲ್ಲಪ್ಪ."

ಹೆಣ್ಣಿನ ಅಪ್ಪ 'ಕಾಫಿ ಕುಡೀರಿ' ಎಂದರೆ ಒಪ್ಪಿದ ಹಾಗೆ. ಬಟ್ಟಲು ಆರುವ ಮೊದಲೇ ಮುಗಿಯುವ ಮಾತು. ಆದರೆ ಅಬು ಸಖರ್ ಗಡ್ಡ ಕೆರೆದುಕೊಂಡ.

"ಹುಡುಗ ಒಳ್ಳೆಯೋನೇ. ಆದ್ರೆ ಲಾರೀಲಿ ಇನ್ನೂ ಥರ್ಮೋಸ್ಟಾಟ್ ಇಟ್ಕೊಂಡಿದಾನಂತೆ. ತಲೆ ಇಲ್ದೋನಿಗೆ ಮಗಳನ್ನ ಹೆಂಗೆ ಕೊಡ್ಲಿ? ಈಗ್ಲೇ ಕಿತ್ತು ತೋರಣಕ್ಕೆ ಕಟ್ಲಿ."

"ಕಟ್ಟೋ ಮಾರಾಯ, ನಿಂದೇನು ಹೋಗ್ತದೆ!" ಎಂದೆವು ಹನ್ನೊಂದು ಜನ.

"ಇಂಜಿನ್ ಹೋಗ್ತದೆ," ಎಂದ ಮುಫ್ಲಿಹ್. "ಮಾವ, ಅದು ಬಿಸಿಗೆ ಬಾಯಿ ತೆರೆದಾಗ ಪಕ್ಕದ ಅಡ್ಡದಾರಿ ಮುಚ್ತದೆ. ಅದನ್ನ ಕಿತ್ರೆ ಬಿಸಿನೀರು ರೇಡಿಯೇಟರ್ ಕಡೆ ಹೋಗೋದು ಬಿಟ್ಟು ಅಡ್ಡದಾರೀಲೇ ವಾಪಸ್ ಇಂಜಿನ್ನಿಗೆ ನುಗ್ತದೆ. ಏರು ಬಂತೂಂದ್ರೆ ಕುದಿಯೋದೇ."

"ನಾನಿನ್ನೂ ನಿನ್ನ ಮಾವ ಆಗಿಲ್ಲ! ನನ್ನ ಲಾರೀಲಿ ಗೋಧಿ ಇದೆ, ನಿಂದ್ರಲ್ಲಿ ಅಕ್ಕಿ. ನಡಿ, ನಕಬ್ ಏರು ಹತ್ತೋಣ. ಯಾರದ್ದು ಕುದೀತದೋ ಅವನು ಸೋತ."

"ಕಾಫಿ?" ಎಂದರು ಹಾಜಿ.

"ಅಲ್ಲೇ ಇರ್ಲಿ."

ಹೊರಡುವಾಗ ಶೈಹಾ ಕಿಟಕಿಯಿಂದ ಮುಫ್ಲಿಹ್‌ಗೆ ಒಂದು ಬಟ್ಟೆಗಂಟು ಕೊಟ್ಟಳು. "ಅಪ್ಪನ ಲಾರಿ ನಿಂತ್ರೆ ಬಿಚ್ಚು. ನಿಲ್ದಿದ್ರೆ ಬೇಡ."

"ಖರ್ಜೂರ ಇರ್ಬೇಕು," ಎಂದ ಅಬು ಸಖರ್. "ತಿನ್ನೋ ಯೋಗ ಇಲ್ಲ ಪಾಪ."

ಸಾಕ್ಷಿಗೆಂದು ನಾನು ಅಬು ಸಖರನ ಪಕ್ಕ ಕೂತೆ. ಏರು ಶುರುವಾಗುತ್ತಲೇ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇಳತೊಡಗಿತು.

"ಮುಳ್ಳು ಏರ್ತಾ ಇದೆ," ಎಂದೆ.

"ನೀನು ನೋಡ್ತಿದೀಯಲ್ಲ, ಅದಕ್ಕೇ. ನಿಂದು ಕೆಟ್ಟ ಕಣ್ಣು. ಆ ಕಡೆ ತಿರುಗು."

ತಿರುಗಿದೆ. ಆತ ತಲೆವಸ್ತ್ರ ಬಿಚ್ಚಿ ಮುಳ್ಳಿನ ಮೇಲೆ ಹೊದಿಸಿದ. "ಈಗ ನೋಡು, ಎಲ್ಲಾ ಸರಿಯಾಯ್ತು."

ಮೂರನೇ ತಿರುವಿನಲ್ಲಿ ಬಾನೆಟ್ಟಿನಿಂದ ಎದ್ದ ಹಬೆ ಎಷ್ಟಿತ್ತೆಂದರೆ, ಕೆಳಗಿನ ಕಣಿವೆಯ ಕುರುಬರು ಮಳೆ ಬಂತೆಂದು ಡೇರೆಯ ಹಗ್ಗ ಬಿಗಿದರು. ಒಬ್ಬನಂತೂ ಬಿತ್ತನೆ ಮಾಡಿಯೇಬಿಟ್ಟ.

ಹಿಂದಿನಿಂದ ಬಂದ ಮುಫ್ಲಿಹ್ ಲಾರಿ ನಿಲ್ಲಿಸಿದ. ಅವನ ಮುಳ್ಳು ನಟ್ಟನಡುವೆ ಊಟ ಮಾಡಿ ಮಲಗಿದಂತಿತ್ತು.

"ಏನಾಯ್ತು ಮಾವ?"

"ಏನಿಲ್ಲ. ಇಲ್ಲಿಂದ ನೋಟ ಚೆನ್ನಾಗಿದೆ, ನೋಡಣ ಅಂತ ನಿಂತೆ."

ಹಬೆಯಲ್ಲಿ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ.

ಮುಫ್ಲಿಹ್ ಗಂಟು ಬಿಚ್ಚಿದ. ಖರ್ಜೂರವಲ್ಲ. ಒಂದು ಥರ್ಮೋಸ್ಟಾಟು, ನೀರು ಸೋರದಂತೆ ಅದರ ಜೊತೆ ಕೂರಿಸುವ ಹೊಸ ಪ್ಯಾಕಿಂಗು, ಒಂದು ಸ್ಪ್ಯಾನರು, ಒಂದು ಚೀಟಿ. ಅಬು ಸಖರ್ ಥರ್ಮೋಸ್ಟಾಟನ್ನು ಗುರುತಿಸಿದ. ತೋರಣದ ನಡುವಿನದು! ಚೀಟಿಯನ್ನು ಕಸಿದು ತಾನೇ ಓದಿದ.

'ಅಪ್ಪಾ, ಇದನ್ನ ಈವತ್ತಿನ ಕಾಫಿ ಜೊತೆಗೇ ಕುದಿಸಿ ನೋಡಿದೀನಿ. ಬಾಯಿ ಸರಿಯಾಗಿ ತೆರೀತದೆ. ಹಟ ಮಾಡದೆ ಹಾಕಿಸ್ಕೊ.'

ಅಬು ಸಖರ್ ಬಹಳ ಹೊತ್ತು ನೋಟ ನೋಡಿದ. ಇಂಜಿನ್ ತಣಿಯಿತು. ಮುಫ್ಲಿಹ್ ಅದನ್ನು ಕೂರಿಸಿ, ನೀರು ತುಂಬಿದ. ಲಾರಿ ಏರಿನ ತುದಿ ಮುಟ್ಟಿತು. ಅಬು ಸಖರ್ ಮೆಲ್ಲಗೆ ತಲೆವಸ್ತ್ರ ಎತ್ತಿ ನೋಡಿದ. ಮುಳ್ಳು ನಡುವೆಯೇ ಇತ್ತು.

"ನೋಡಿದ್ಯಾ?" ಎಂದ ನನಗೆ. "ಬಟ್ಟೆ ಹೊದಿಸಿದ್ದು ಕೆಲಸ ಮಾಡ್ತು."

ವಾಪಸು ಬಂದಾಗ ಹಾಜಿ ದುಹೈಮ್ ಬಟ್ಟಲಿನ ಮುಂದೆ ಕೂತೇ ಇದ್ದರು. ಕಾಫಿಯ ಮೇಲೆ ಎಣ್ಣೆಪಸೆಯ ಸಣ್ಣ ಕಾಮನಬಿಲ್ಲು ಮೂಡಿತ್ತು. ಅಬು ಸಖರ್ ಕಿಟಕಿ ಕಡೆ ನೋಡಿದ, ಬಟ್ಟಲು ನೋಡಿದ.

"ಕಾಫಿ ಕುಡೀರಿ ಹಾಜಿ."

ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಹಾಕಿದರು. ಹಾಜಿ ಒಂದೇ ಗುಟುಕಿಗೆ ಕುಡಿದು ಬಾಯಿ ಚಪ್ಪರಿಸಿದರು.

"ಏನೋ ಬೇರೆ ರುಚಿ ಇದೆಯಲ್ಲಾ?"

"ಏಲಕ್ಕಿ," ಎಂದ ಅಬು ಸಖರ್. "ಹಿಮ ಬೀಳೋ ದೇಶದ್ದು."