ನಲವತ್ತನೆಯ ಹಲ್ಲು

ನಮ್ಮಪ್ಪ ಹಲ್ಲು ಕಟ್ಟುವವರು. ಡಾಕ್ಟರಲ್ಲ. ಡಾಕ್ಟರು ಅಳತೆ ತೆಗೆದು ಕಳಿಸಿದ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು, ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿಕೊಡುವವರು. ನಮ್ಮ ಮನೆ ಕಿಟಕಿಯಲ್ಲಿ ಯಾವಾಗ ನೋಡಿದರೂ ನಾಲ್ಕೈದು ಜನರ ಬಾಯಿ ಒಣಗಲಿಕ್ಕೆ ಕೂತಿರುತ್ತಿತ್ತು. "ಊರವರ ಹಲ್ಲು ಬಿದ್ರೇನೇ ನಮ್ಮನೆ ಒಲೆ ಉರಿಯೋದು" ಅಂತ ಅಮ್ಮ ತಮಾಷೆ ಮಾಡುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಕೈಯಲ್ಲಿದ್ದ ಹಲ್ಲನ್ನು ಉಜ್ಜುತ್ತಲೇ, "ಎಷ್ಟೇ ಚೆನ್ನಾಗಿ ಕಟ್ಟಿದ್ರೂ ಕಟ್ಟಿದ್ದು ಕಟ್ಟಿದ್ದೇ ಕಣೇ. ಹುಟ್ಟಿದ್ದಕ್ಕೆ ಸಮ ಆಗಲ್ಲ" ಅನ್ನುತ್ತಿದ್ದರು.

ನನಗೆ ಪರದೇಶದಲ್ಲಿ ದಂತವೈದ್ಯಕೀಯದ ಸೀಟು ಸಿಕ್ಕಾಗ ಅವರು ಹೇಳಿದ್ದು ಇಷ್ಟೇ: "ನಾನು ಕಟ್ಟಿದ್ದು ಸಾಕು. ನೀನು ಉಳಿಸೋದು ಕಲಿ."

ಅಲ್ಲಿ ನಾಲ್ಕು ವರ್ಷ ಓದಿದೆ. ಕೊನೆಯ ವರ್ಷ ಪ್ರತಿ ಶನಿವಾರ ನಮ್ಮನ್ನು ಒಂದು ವ್ಯಾನಿನಲ್ಲಿ ಊರಾಚೆಯ ವಸತಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರ ಮುಖವನ್ನೇ ಕಾಣದ ಜನ. ಹಲ್ಲು ನೋವು ಬಂದರೆ ಲವಂಗ ಕಚ್ಚಿಕೊಂಡು, ದವಡೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರು. ಅಲ್ಲಿ ಬಿಟ್ಟಿ ಚಿಕಿತ್ಸೆ ಮಾಡಿ ನಾವು ಕಲಿಯುವುದು, ಅವರು ಗುಣವಾಗುವುದು. ಇಬ್ಬರಿಗೂ ಒಳ್ಳೆಯದು ಅಂತ ಕಾಲೇಜಿನವರ ಲೆಕ್ಕ.

ಲೆಕ್ಕ ಇನ್ನೂ ಒಂದಿತ್ತು. ಪರೀಕ್ಷೆಗೆ ಕೂರಬೇಕಾದರೆ ನಮ್ಮ ಕೈಯಾರೆ ನಲವತ್ತು ಹಲ್ಲು ಕಿತ್ತಿರಬೇಕು. ಪ್ರತಿಯೊಂದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದು, ಕೀಳುವ ಮೊದಲೇ ಮೇಡಂ ಸಹಿ ಹಾಕಿಸಬೇಕು. ಮೇಡಂ ಅಂದರೆ ಅರವತ್ತರ ಹತ್ತಿರದ, ಮಾತು ಕಮ್ಮಿಯ ಹೆಂಗಸು. ನಾವು ಅವರಿಗೆ ಇಟ್ಟ ಹೆಸರು ಸುತ್ತಿಗೆ. ಒಂದೇ ಏಟು, ಅದೂ ಮೊಳೆಯ ತಲೆಗೇ.

ಗಡುವಿಗೆ ಮುಂಚಿನ ಕೊನೆಯ ಶನಿವಾರ ನನ್ನ ಪುಸ್ತಕದಲ್ಲಿ ಮೂವತ್ತೊಂಬತ್ತು ಇತ್ತು.

ಅವತ್ತು ಹೋಗಿದ್ದು ಬಟ್ಟೆ ಕಾರ್ಖಾನೆಗಳ ಹಿಂದಿನ ವಸತಿಗೆ. ಒಂದು ಉದ್ದನೆಯ ಸಭಾಂಗಣ. ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಒಂದೇ ನಲ್ಲಿ, ಅದೂ ತೊಟ್ಟಿಕ್ಕುವುದು. ನನಗೊಂದು ಕುರ್ಚಿ, ನನ್ನ ಸಹಪಾಠಿಗೊಂದು. ಮೇಡಂ ವ್ಯಾನಿನೊಳಗೆ ರಕ್ತ ನಿಲ್ಲದ ಒಬ್ಬ ಮುದುಕನನ್ನು ನೋಡಿಕೊಳ್ಳುತ್ತಿದ್ದರು. ವ್ಯಾನಿನ ಡ್ರೈವರ್ ನೀರಿನ ಕ್ಯಾನು ಹೊತ್ತು ತಂದು ಒಳಗೂ ಹೊರಗೂ ಓಡಾಡುತ್ತಿದ್ದ.

ಈ ಡ್ರೈವರ್ ವಿಷಯ ಹೇಳಬೇಕು. ನನಗೆ ಆ ದೇಶದ ಭಾಷೆ ಕಲಿಸಿದವನೇ ಅವನು. ಕಾಲೇಜಿನಲ್ಲಿ ಕಲಿತದ್ದು ಪುಸ್ತಕದ ಭಾಷೆ, ಅದನ್ನಾಡಿದರೆ ಜನ ಮಿಕಮಿಕ ನೋಡುತ್ತಿದ್ದರು. ಇವನು ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಿದ್ದ, ನಾನು ತಪ್ಪು ಹೇಳಿದರೆ ಸ್ಟೀರಿಂಗ್ ತಟ್ಟಿ ತಟ್ಟಿ ನಗುತ್ತಿದ್ದ. ಒಂದು ವರ್ಷದಲ್ಲಿ ನಾನು ಅವನ ಜೊತೆ ಜಗಳ ಆಡುವಷ್ಟು ಕಲಿತಿದ್ದೆ. ಜಗಳ ಬಂತು ಅಂದರೆ ಭಾಷೆ ಬಂತು ಅಂತಲೇ ಅರ್ಥ.

ಮಧ್ಯಾಹ್ನದ ಹೊತ್ತಿಗೆ ನನ್ನ ಕುರ್ಚಿಗೆ ಒಬ್ಬ ದರ್ಜಿ ಬಂದಳು. ಐವತ್ತರ ಆಸುಪಾಸು. ಸೆರಗಿನಂಥ ಒಂದು ಮೇಲುಬಟ್ಟೆ, ಅದರ ಅಂಚಿಗೆ ಚುಚ್ಚಿದ ಮೂರು ಸೂಜಿ. ಮೇಲ್ಸಾಲಿನ ಮುಂದಿನ ಹಲ್ಲು, ಎಡಗಡೆಯದು, ಒಳಗಿಂದ ಹುಳುಕು ಹಿಡಿದು ಒಸಡು ಬಾತಿತ್ತು. ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು. ದಾರ ಹಾಯ್ದು ಹಾಯ್ದು ಆದ ಕಚ್ಚು ಅದು, ದರ್ಜಿಗಳ ಬಾಯಲ್ಲಿ ಇರುತ್ತದೆ ಅಂತ ಓದಿದ್ದೆ. ಎಕ್ಸ್-ರೇ ತೆಗೆದೆ. ಬೇರು ನೇರ, ಸುತ್ತಲಿನ ಮೂಳೆ ಗಟ್ಟಿ. ಎರಡು ಮೂರು ಸಲ ಕಾಲೇಜಿಗೆ ಕರೆಸಿ ಬೇರು ಸ್ವಚ್ಛ ಮಾಡಿ ತುಂಬಿದರೆ ಇನ್ನು ಇಪ್ಪತ್ತು ವರ್ಷಕ್ಕೆ ಮೋಸವಿಲ್ಲದ ಹಲ್ಲು. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ಇದನ್ನ ಕೀಳಬೇಡ ಮಗಳೇ. ಇದೇ ನನ್ನ ಕತ್ತರಿ. ನೋವು ಹೋದ್ರೆ ಸಾಕು. ಎಷ್ಟು ಸಲ ಬಾ ಅಂದ್ರೂ ಬರ್ತೀನಿ."

ಒಂದೊಂದು ಪದವೂ ಅರ್ಥವಾಯಿತು.

ನಾನು ತಲೆ ಓರೆ ಮಾಡಿದೆ. ನಕ್ಕೆ. ಬಂದ ಮೊದಲ ವಾರದಲ್ಲಿ ಆಡುತ್ತಿದ್ದ ಹಾಗೆ ನಾಲಿಗೆ ತೊದಲಿಸಿಕೊಂಡು, "ನನಗೆ ನಿಮ್ಮ ಭಾಷೆ... ಸ್ವಲ್ಪ ಸ್ವಲ್ಪ" ಅಂದೆ.

ಪಾಪ, ಅವಳು ನಿಧಾನವಾಗಿ ಇನ್ನೊಮ್ಮೆ ಹೇಳಿದಳು. ಎರಡು ಬೆರಳು ತುಟಿಯ ಹತ್ತಿರ ತಂದು ಕತ್ತರಿ ಆಡಿಸಿ ತೋರಿಸಿದಳು. ಬೇಡ ಅಂತ ತಲೆ ಅಲ್ಲಾಡಿಸಿದಳು. ಹಾಲುಹಲ್ಲಿನ ಮಗುವಿಗೂ ತಿಳಿಯುವಂಥ ಸನ್ನೆ. ನಾನು "ಹೂಂ, ಹೂಂ" ಅಂದು ಅವಳ ಭುಜ ತಟ್ಟಿ, ಹೊರಗೆ ಹೋಗಿ ಪುಸ್ತಕ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತೆ.

ಮೇಡಂ ತಲೆ ಎತ್ತದೆ ಕೇಳಿದರು. "ಉಳಿಸೋಕೆ ಆಗುತ್ತಾ?"

"ಅವರೇ ಕೀಳಿಸ್ಕೋತೀನಿ ಅಂತಿದ್ದಾರೆ ಮೇಡಂ. ಮತ್ತೆ ಮತ್ತೆ ಬರೋಕೆ ಆಗಲ್ವಂತೆ."

ಮುದುಕನ ಬಾಯಿಂದ ಒಂದು ಕೈ ತೆಗೆದು ಸಹಿ ಮಾಡಿದರು.

ಒಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚಿದೆ. ಹಲ್ಲು ಸುಲಭವಾಗಿ ಬಂತು. ಗಟ್ಟಿ ಬೇರು, ಪೂರ್ತಿ, ಮುರಿಯದೆ. ಅವಳಿಗೆ ವಿಷಯ ಖಚಿತವಾದದ್ದು ಇಕ್ಕಳದಲ್ಲಿ ಅದನ್ನು ಕಂಡಾಗಲೇ. ಬಾಯಿ ಮರಗಟ್ಟಿತ್ತು, ಹತ್ತಿ ಕಚ್ಚಿಕೊಂಡಿದ್ದಳು, ಮಾತಾಡುವ ಹಾಗಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಟ್ರೇ ಒರೆಸುತ್ತಿದ್ದೆ. ಕಣ್ಣೆತ್ತಿದಾಗ ನೀರಿನ ಕ್ಯಾನು ಹಿಡಿದು ಡ್ರೈವರ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ವಾಪಸ್ ಬರುವಾಗ ಎಂದಿನ ಹಾಗೆ ಮುಂದಿನ ಸೀಟಿನಲ್ಲಿ ಕೂತೆ. "ಇವತ್ತು ಸೆಕೆ ಜಾಸ್ತಿ ಅಲ್ವಾ?" ಅಂದೆ. ಅವನು ನನ್ನ ಕಡೆ ತಿರುಗಿ, ಬಾಯಿ ಬಿಡದೆ, ಕೈಯಿಂದ ಗಾಳಿ ಬೀಸಿಕೊಂಡು ತೋರಿಸಿದ. ನೀರು ಬೇಕಾ ಅಂತ ಹೆಬ್ಬೆರಳು ತುಟಿಗಿಟ್ಟು ಕೇಳಿದ. ಭಾಷೆ ಬಾರದ ಹೊಸಬರ ಹತ್ತಿರ ಹೇಗೆ ಮಾತಾಡುತ್ತಾರೋ ಹಾಗೆ. ದಾರಿಯುದ್ದಕ್ಕೂ ಅಷ್ಟೇ. ಅವನು ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಅದನ್ನೂ ಅವನೇ ಕಲಿಸಿದ್ದ.

ಸಂಜೆ ಅಪ್ಪನ ಫೋನು. "ಎಷ್ಟಾಯ್ತು ಮಗಾ?"

"ನಲವತ್ತಾಯ್ತಪ್ಪ. ಮುಗೀತು."

"ಭೇಷ್. ಉಳಿಸಿದ್ದೆಷ್ಟು?"

"ಹಲೋ? ಅಪ್ಪಾ? ಕೇಳಿಸ್ತಿಲ್ಲ..." ಅಂದೆ. ಅವರ ದನಿ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

ಐದು ವಾರದ ಮೇಲೆ ನಾವು ಮತ್ತೆ ಅದೇ ವಸತಿಗೆ ಹೋದೆವು. ಹೊಟ್ಟೆನೋವು ಅಂತ ಹೇಳಿ ತಪ್ಪಿಸಿಕೊಳ್ಳಬೇಕು ಅಂದುಕೊಂಡಿದ್ದೆ. ಸುತ್ತಿಗೆ ಮೇಡಂ ಹತ್ತಿರ ಹೊಟ್ಟೆನೋವು ನಡೆಯುವುದಿಲ್ಲ. ಸಭಾಂಗಣದ ಬಾಗಿಲು ತೆರೆಯುವ ಮೊದಲೇ ದರ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಚೀಲದಿಂದ ತಿಳಿನೀಲಿ ಬಟ್ಟೆಯ ಟೋಪಿ ತೆಗೆದಳು. ಆಪರೇಷನ್ ಮಾಡುವಾಗ ಹಾಕಿಕೊಳ್ಳುತ್ತಾರಲ್ಲ, ಅಂಥದು. ನಾನು ಕೂದಲಿಗೆ ರಬ್ಬರ್ ಸುತ್ತಿಕೊಂಡು ಕೆಲಸ ಮಾಡುವುದನ್ನು ಅವತ್ತು ನೋಡಿದ್ದಳಂತೆ. ಹೊಲಿಗೆ ನೂಲಿಟ್ಟ ಹಾಗೆ ನೇರ. ಆದರೆ ಒಳಮಗ್ಗುಲಲ್ಲಿ ಪ್ರತಿ ಹೊಲಿಗೆಯ ಕೊನೆಗೂ ದಾರ ಜೋತಾಡುತ್ತಿತ್ತು. ಉಳಿದ ಹಲ್ಲಲ್ಲಿ ಕಡಿಯಲು ಹೋಗಿ ಜಗಿದು ಬಿಟ್ಟಂತೆ ತುದಿಗಳು ಜುಂಗುಜುಂಗಾಗಿದ್ದವು.

ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಆಗ ನನ್ನ ಬಾಯಿಂದ ತೊದಲದೆ, ತಡವರಿಸದೆ ಅವಳ ಭಾಷೆ ಬಂತು.

"ಅವತ್ತು ನೀವು ಹೇಳಿದ್ದು ನನಗೆ ಅರ್ಥ ಆಗಿತ್ತು."

"ಆಗಿರಬಹುದು ಅಂತ ನನಗೂ ಅನ್ನಿಸಿತ್ತು," ಅಂದಳು. "ಇಲ್ಲ, ಹುಡುಗಿ ಹಾಗೆ ಮಾಡಲ್ಲ, ನಾನೇ ಸರಿಯಾಗಿ ಹೇಳಲಿಲ್ಲ ಅಂತ ಸಮಾಧಾನ ಮಾಡ್ಕೊಂಡೆ."

"ನೀವು ಎದ್ದು ಹೋಗಬಹುದಿತ್ತು..." ಬಾಯಿಂದ ಜಾರಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ಸೂಜಿ ನಿನ್ನ ಕೈಯಲ್ಲಿತ್ತು. ಸೂಜಿ ಹಿಡಿದವರ ಮುಂದೆ ಬಾಯಿ ತೆರೆದು ಕೂತವರು ಏನಂತ ವಾದ ಮಾಡ್ತಾರೆ?" ಆಮೇಲೆ ಕೇಳಿದಳು, "ಯಾಕೆ ಕಿತ್ತೆ?"

"ಪರೀಕ್ಷೆಗೆ ನಲವತ್ತು ಬೇಕಿತ್ತು."

"ನಂದು ಎಷ್ಟನೇದು?"

"ನಲವತ್ತನೇದು."

ಅವಳು ತಲೆಯಾಡಿಸಿದಳು, ಅಂಗಡಿಯಲ್ಲಿ ಬಟ್ಟೆಯ ಅಳತೆ ಕೇಳಿ ತಿಳಿದುಕೊಂಡವರ ಹಾಗೆ. ನನ್ನ ಕೈಯಿಂದ ಟೋಪಿಯನ್ನು ಮೆಲ್ಲಗೆ ತೆಗೆದುಕೊಂಡಳು. ನಾಲ್ಕು ಮಡಿಕೆ ಮಡಚಿ ಚೀಲದೊಳಗಿಟ್ಟಳು. ಬೈಯಲಿಲ್ಲ. ಮೆಟ್ಟಿಲಿಳಿದು ಹೋದಳು. ನನ್ನ ಅಂಗೈ ಹಾಗೇ ಚಾಚಿಕೊಂಡಿತ್ತು. ಮಡಚಲಿಕ್ಕೂ ನಾಚಿಕೆ.

ಅವತ್ತೇ ಮೇಡಂಗೆ ಎಲ್ಲ ಹೇಳಿದೆ. ಭಾಷೆ ಬಾರದ ಹಾಗೆ ನಟಿಸಿದ್ದು, ಸಹಿಗಾಗಿ ಸುಳ್ಳು ಹೇಳಿದ್ದು, ಎರಡನ್ನೂ. ಅವರು ನನ್ನ ಪುಸ್ತಕ ತೆಗೆದು ಕೊನೆಯ ಸಾಲಿನ ಮೇಲೆ ಗೆರೆ ಎಳೆದರು. ನಿಲ್ಲಿಸಲಿಲ್ಲ. ಹಿಂದಿನ ಪುಟಕ್ಕೆ ಹೋದರು, ಅದರ ಹಿಂದಿನದಕ್ಕೂ. "ಇವುಗಳಲ್ಲಿ ಉಳಿಸಬಹುದಾದದ್ದು ಇನ್ನೆಷ್ಟಿತ್ತು?"

ಆ ಪ್ರಶ್ನೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಯೋಚಿಸಿದೆ. "ಇನ್ನೊಂದು," ಅಂದೆ. "ಎರಡಿರಬಹುದು. ಸರಿಯಾಗಿ ನೋಡಿರಲಿಲ್ಲ."

"ನಾನೂ ನೋಡಿರಲಿಲ್ಲ," ಅಂದರು ಮೇಡಂ. ಅವರ ಮುಖ ಕೆಂಪಗಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪುಸ್ತಕ ಪೂರ್ತಿ ರದ್ದಾಯಿತು. ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತು. ಮತ್ತೆ ಶುರುವಿನಿಂದ. ಜೊತೆಗೆ, ಆ ಹೆಂಗಸಿಗೆ ಕೃತಕ ಹಲ್ಲನ್ನು ಲ್ಯಾಬಿಗೆ ಕೊಡದೆ ನನ್ನ ಕೈಯಾರೆ ಮಾಡಬೇಕು.

ಅಪ್ಪನಿಗೆ ಫೋನು ಮಾಡಲೇಬೇಕಾಯಿತು. ಎಲ್ಲ ಕೇಳಿಸಿಕೊಂಡರು. ಎರಡು ದಿನ ಫೋನು ಎತ್ತಲಿಲ್ಲ. ಮೂರನೆಯ ದಿನ ಅಮ್ಮ ಎತ್ತಿ, "ಕಿಟಕಿ ಹತ್ರ ಕೂತಿದ್ದಾರೆ, ಕೊಡ್ತೀನಿ ಇರು" ಅಂದಳು. ಅಪ್ಪ ಹಲ್ಲಿನ ಬಣ್ಣ ಕೇಳಿದರು, ಪಕ್ಕದ ಹಲ್ಲುಗಳ ಎತ್ತರ ಕೇಳಿದರು, ಮೇಣ ಹೇಗೆ ಕಾಯಿಸಬೇಕು ಅಂತ ಹೇಳಿಕೊಟ್ಟರು. ಕೆಲಸದ ಮಾತು ಬಿಟ್ಟು ಬೇರೆ ಒಂದಕ್ಷರ ಇಲ್ಲ. ಕೊನೆಗೆ ನಾನೇ ಕೇಳಿದೆ: "ಇದರಲ್ಲಿ ದಾರ ಕಡಿಯೋಕೆ ಆಗುತ್ತಾಪ್ಪಾ?"

"ನಗೋಕೆ ಆಗುತ್ತೆ," ಅಂದರು ಅಪ್ಪ. "ದಾರ ಕಡಿದ್ರೆ ಕಿತ್ತು ಕೈಗೆ ಬರುತ್ತೆ. ಅದನ್ನ ಅವಳಿಗೆ ನೀನೇ ಹೇಳು. ಹೇಳೋಕೆ ಭಾಷೆ ಬರುತ್ತಲ್ಲ?"

ಮೂರು ಸಲ ಕೆಡಿಸಿ ನಾಲ್ಕನೆಯ ಸಲಕ್ಕೆ ಹಲ್ಲು ಸರಿಯಾಯಿತು. ದರ್ಜಿ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬಂದಳು. ಕೂರಿಸಿ ನೋಡಿದೆ, ಸವರಿದೆ, ಮತ್ತೆ ಕೂರಿಸಿದೆ. ಮಾಡಿದ ಪ್ರತಿಯೊಂದನ್ನೂ ಮಾಡುವ ಮೊದಲು ಅವಳ ಭಾಷೆಯಲ್ಲಿ ಹೇಳಿದೆ. ದಾರದ ವಿಷಯವನ್ನೂ ಹೇಳಿದೆ. ಅವಳು ಕನ್ನಡಿಯಲ್ಲಿ ನೋಡಿಕೊಂಡು "ಚೆನ್ನಾಗಿದೆ" ಅಂದಳು, ನನ್ನನ್ನು ನೋಡಿ ಅಲ್ಲ, ಕನ್ನಡಿಯನ್ನೇ ನೋಡಿ. ಮಗಳೇ ಅಂತ ಕರೆಯಲಿಲ್ಲ.

ಓದು ಮುಗಿಯುವ ಮುಂಚೆ ಆ ಸಭಾಂಗಣಕ್ಕೆ ಇನ್ನೊಂದೇ ಸಲ ಹೋದೆ. ಅವತ್ತು ಜನ ಕಮ್ಮಿ. ನನ್ನ ಕುರ್ಚಿ ಖಾಲಿ ಇತ್ತು, ಸಹಪಾಠಿಯ ಕುರ್ಚಿಯ ಮುಂದೆ ಇಬ್ಬರು ಕಾಯುತ್ತಿದ್ದರು. ಬಾಗಿಲಲ್ಲಿ ಒಬ್ಬಳು ಚಿಕ್ಕ ಪ್ರಾಯದ ಹೆಂಗಸು ದವಡೆ ಹಿಡಿದುಕೊಂಡು ನಿಂತಿದ್ದಳು. "ಬನ್ನಿ, ಇಲ್ಲಿ ಖಾಲಿ ಇದೆ," ಅಂದೆ.

ಅವಳು ನನ್ನನ್ನೂ ಪಕ್ಕದ ಕುರ್ಚಿಯನ್ನೂ ನೋಡಿದಳು. ಸಂಕೋಚದಿಂದ ಹೇಳಿದಳು, "ಆ ಕಡೆಯವರ ಹತ್ರನೇ ತೋರಿಸ್ಕೋ ಅಂತ ನಮ್ಮತ್ತೆ ಹೇಳಿ ಕಳಿಸಿದ್ದಾರೆ. ಅವರು ದರ್ಜಿ."

"ಸರಿ," ಅಂದೆ. "ಅಲ್ಲಿ ಕೂತ್ಕೊಳ್ಳಿ. ಅವರು ಚೆನ್ನಾಗಿ ನೋಡ್ತಾರೆ."

ಅವಳು ಮೂರನೆಯವಳಾಗಿ ಹೋಗಿ ಕೂತಳು. ಅವಳ ಸರದಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನಾನು ಕೈಗವಸು ಹಾಕಿಕೊಂಡು ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದೆ.