ಬೆಳ್ಳಿ ಕಾರಿನ ಕೆಳದುಟಿ

ಬಿಷ್ಕೆಕ್‌ನಲ್ಲಿ ನಮ್ಮ ಬಡಾವಣೆಯ ಸುತ್ತಮುತ್ತ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಮೆದೆರ್ ಅಗಾಯ್ ಹತ್ತಿರ ಬೈಸಿಕೊಂಡೇ ಕಲಿತವರು. ನಾನೂ ಅವರಲ್ಲೊಬ್ಬ. ಅಗಾಯ್ ಅಂದರೆ ಮೇಷ್ಟ್ರು. ಡ್ರೈವಿಂಗ್ ಶಾಲೆಯ ಮೇಷ್ಟ್ರಾದರೂ ಅವರು ಸ್ಟೀರಿಂಗಿನ ಬಗ್ಗೆ ಹೇಳಿಕೊಟ್ಟಿದ್ದು ಕಡಿಮೆ, ಬ್ರೇಕಿನ ಬಗ್ಗೆ ಹೇಳಿಕೊಟ್ಟಿದ್ದೇ ಹೆಚ್ಚು. ಕಾನೂನು ಅರವತ್ತು ಅಂದರೆ ಅಗಾಯ್ ನಲವತ್ತರಲ್ಲಿ ಹೋಗುವವರು. ಅವರ ಹಿಂದೆ ಸಿಕ್ಕಿಹಾಕಿಕೊಂಡ ಟ್ಯಾಕ್ಸಿಯವರು ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ಪಕ್ಕಕ್ಕೆ ಬಂದು ಬೈಯಲು ಕಿಟಕಿ ಇಳಿಸುತ್ತಿದ್ದರು. ಮುಖ ಕಂಡ ಮೇಲೆ ತಲೆ ತಗ್ಗಿಸಿ ಸಲಾಂ ಹೇಳಿ ಹೋಗುತ್ತಿದ್ದರು. ಅವರೂ ಶಿಷ್ಯರೇ.

ಇಂಥವರು ವಯಸ್ಸು ಐವತ್ತು ದಾಟಿದ ಮೇಲೆ ಒಂದು ದಿನ ಎರಡೇ ಬಾಗಿಲಿನ, ನೆಲಕ್ಕೆ ಕವುಚಿಕೊಂಡಂತಿದ್ದ ಬೆಳ್ಳಿ ಬಣ್ಣದ ಜಪಾನಿ ಸ್ಪೋರ್ಟ್ಸ್ ಕಾರಿನಲ್ಲಿ ನನ್ನ ಗ್ಯಾರೇಜಿನ ಮುಂದೆ ಬಂದಿಳಿದರು. ಹಳೆಯ ಕಾರು, ಆದರೆ ಚೆನ್ನಾಗಿ ಸಾಕಿದ್ದು. ಯಾರದು ಅಂತ ಕೇಳಿದೆ. ತಮ್ಮದೇ ಅಂದರು. ಯಾಕೆ ಕೊಂಡಿರಿ ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಅವರೇ ಹೇಳಿದರು: "ಬ್ರೇಕು ಚೆನ್ನಾಗಿದೆ ಕಣಪ್ಪಾ." ಹಾಗೆ ಹೇಳುವಾಗ ಅವರ ಕೈ ಬಾನೆಟ್ಟಿನ ಮೇಲೆ ಕುದುರೆಯ ಕುತ್ತಿಗೆ ಸವರುವ ಹಾಗೆ ಓಡಾಡುತ್ತಿತ್ತು.

ನನ್ನ ಗ್ಯಾರೇಜಿನಲ್ಲಿ ರಿಪೇರಿ ಮಾಡುವುದಿಲ್ಲ. ಕಾರಿಗೆ ಒಡವೆ ತೊಡಿಸುವುದು ನನ್ನ ಕಸುಬು. ಹಿಂದಕ್ಕೆ ರೆಕ್ಕೆ, ಮುಂದಕ್ಕೆ ಸ್ಪ್ಲಿಟ್ಟರ್, ಪಕ್ಕಕ್ಕೆ ಪಟ್ಟಿ. ಬರುವವರೆಲ್ಲ ಮೀಸೆ ಚಿಗುರಿದ ಹುಡುಗರು. ಅಗಾಯ್ ಗೋಡೆಗೆ ತೂಗುಹಾಕಿದ್ದ ರೆಕ್ಕೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತರು.

"ಇದು ಗಾಳಿ ಹಿಡಿದು ಕಾರನ್ನ ನೆಲಕ್ಕೆ ಒತ್ತುತ್ತಂತೆ, ಹೌದಾ?"

"ಹೌದು ಅಗಾಯ್. ಆದ್ರೆ ನೂರು ದಾಟಿದ ಮೇಲೆ. ನೀವು ಹೋಗೋ ಸ್ಪೀಡಿಗೆ ಅದು ಬಟ್ಟೆ ಒಣಗಾಕೋ ಹಲಗೆ ಅಷ್ಟೆ."

"ಸೀಟ್ ಬೆಲ್ಟೂ ದಿನಾ ಕೆಲಸಕ್ಕೆ ಬರಲ್ಲ. ಹಾಕ್ಕೊಳಲ್ವಾ?" ಅಂದರು ಅಗಾಯ್. ಅವರ ಜೊತೆ ವಾದ ಮಾಡಿ ಪಾಸಾದವರು ಯಾರೂ ಇಲ್ಲ.

ರೆಕ್ಕೆ ಕೂರಿಸುವುದೆಂದರೆ ಡಿಕ್ಕಿಯ ಮುಚ್ಚಳಕ್ಕೆ ತೂತು ಕೊರೆಯಬೇಕು. ಚೆನ್ನಾಗಿರುವ ಕಾರಿಗೆ ಡ್ರಿಲ್ ಇಡುವಾಗ ಎಷ್ಟೋ ಗಿರಾಕಿಗಳು ಮುಖ ತಿರುಗಿಸುತ್ತಾರೆ. ಅಗಾಯ್ ತಿರುಗಿಸಲಿಲ್ಲ. ನಾನು ಪೇಂಟಿನ ಮೇಲೆ ಟೇಪು ಅಂಟಿಸಿ, ಗುರುತು ಹಾಕಿ, ತಗಡು ತಗ್ಗಾಗದಿರಲೆಂದು ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು, ರಬ್ಬರ್ ಇಟ್ಟು ಬೋಲ್ಟು ಬಿಗಿಯುವವರೆಗೂ ಅವರು ರಸಮಟ್ಟ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಕೊನೆಗೆ ರಸಮಟ್ಟದ ಗುಳ್ಳೆ ನಡುವೆ ನಿಂತಾಗ ತಾವೇ ಕೂರಿಸಿದ ಹಾಗೆ ಉಸಿರು ಬಿಟ್ಟರು.

ಸ್ವಲ್ಪ ದಿನ ಕಳೆದು ಮತ್ತೆ ಬಂದರು. ಈ ಸಲ ಮುಖದಲ್ಲಿ ಚಿಂತೆ. ಎಲ್ಲೋ ಓದಿದ್ದರಂತೆ: ಹಿಂದೆ ಮಾತ್ರ ಒತ್ತಡ ಬಿದ್ದರೆ ಮೂತಿ ಹಗುರವಾಗಿ ಕಾರು ತಿರುವಿನಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ಮುಂದೆ ಸ್ಪ್ಲಿಟ್ಟರ್ ಬೇಕೇ ಬೇಕು. ಓದಿದ್ದೇನೋ ನಿಜವೇ. ಆದರೆ ಅದೂ ನೂರರ ಮೇಲಿನ ಮಾತು. ನಲವತ್ತರಲ್ಲಿ ಹೋಗುವ ಕಾರಿನ ಮೂತಿ ಎಲ್ಲಿಗೂ ಏಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿ, ಯಾವಾಗ ಮುಗಿಯುತ್ತದೆ ಎಂದು ಕೇಳಿದರು.

ಸ್ಪ್ಲಿಟ್ಟರ್ ಅಂದರೆ ಮುಂದಿನ ಬಂಪರಿನ ಅಡಿಯಿಂದ ಕೆಳದುಟಿಯ ಹಾಗೆ ಮುಂದಕ್ಕೆ ಚಾಚಿಕೊಳ್ಳುವ ಚಪ್ಪಟೆ ಹಲಗೆ. ರಟ್ಟಿನಲ್ಲಿ ಅಳತೆ ತೆಗೆದು, ತೆಳು ಪ್ಲೈವುಡ್ ಕತ್ತರಿಸಿ, ಮೇಲೆ ಫೈಬರ್ ಹಾಸಿ, ಕಪ್ಪು ಬಳಿದು ಕೂರಿಸಿದೆ. ಬಾಗದಿರಲೆಂದು ಬಂಪರಿನಿಂದ ಎರಡು ಸಣ್ಣ ಕಂಬಿ ಕೊಟ್ಟೆ. ಗಟ್ಟಿಯಾಗಿದೆಯೇ ಎಂದು ನಾನೇ ಹತ್ತಿ ನಿಂತು ತೋರಿಸಿದೆ; ನನ್ನ ಮೈ ನೋಡಿದವರಿಗೆ ಅದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಿಲ್ಲ. ತುಟಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅಗಾಯ್ ಬಗ್ಗಿ ತಮ್ಮ ಬೆರಳು ತೂರಿಸಿ ನೋಡಿಕೊಂಡರು.

ಅಲ್ಲಿಂದ ಅವರ ನೆಮ್ಮದಿ ಕೆಟ್ಟಿತು. ಜೀವಮಾನದಲ್ಲಿ ಒಂದು ದಂಡವನ್ನೂ ಕಟ್ಟದ ಮನುಷ್ಯನನ್ನು, ಕಾರಿನ ವೇಷ ನೋಡಿ, ಪೊಲೀಸರು ಮೂಲೆಮೂಲೆಯಲ್ಲಿ ನಿಲ್ಲಿಸತೊಡಗಿದರು. ಸಿಗ್ನಲ್ಲಿನಲ್ಲಿ ಹುಡುಗರು ಪಕ್ಕಕ್ಕೆ ಬಂದು ಎಂಜಿನ್ ಗುರ್ರ್ ಅನ್ನಿಸಿ ಪಂದ್ಯಕ್ಕೆ ಕರೆಯುತ್ತಿದ್ದರು. ಅಗಾಯ್ ಕಿಟಕಿ ಇಳಿಸಿ, ನಿಂತ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲು ದಂಡ ಎಂದು ಬುದ್ಧಿ ಹೇಳುತ್ತಿದ್ದರು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಹಂಪು. ನಮ್ಮವರು ಅದಕ್ಕೆ ಮಲಗಿದ ಪೊಲೀಸ್ ಅನ್ನುತ್ತಾರೆ. ಅಗಾಯ್ ಮನೆಯಿಂದ ಮುಖ್ಯ ರಸ್ತೆಗೆ ಬರುವ ದಾರಿಯಲ್ಲಿ, ಮಕ್ಕಳ ಶಾಲೆಯ ಮುಂದೆ ಅಂಥವು ಸಾಲಾಗಿದ್ದವು. ಹಾಕಿಸಿದ್ದು ಬೇರೆ ಯಾರೂ ಅಲ್ಲ. ನಗರಸಭೆಗೆ ವರ್ಷಗಟ್ಟಲೆ ಅಲೆದು, ಒಂದು ಸಾಲದು ಇನ್ನೊಂದು ಬೇಕು, ಇನ್ನೂ ಎತ್ತರ ಬೇಕು ಎಂದು ಹಟ ಹಿಡಿದವರು ಅಗಾಯ್ ಅವರೇ. ಸ್ಪ್ಲಿಟ್ಟರ್ ಹಾಕಿಸಿಕೊಂಡ ಸಂಜೆಯೇ ಮೊದಲ ಹಂಪು ಅದರ ಅಂಚನ್ನು ಕರಕರನೆ ತಿಂದಿತು. ಮಾರನೆಯ ಬೆಳಿಗ್ಗೆ ನನ್ನ ಹತ್ತಿರ ಬಂದರು. ಅಂಚು ತುಂಬಿಕೊಟ್ಟು, ಒಂದಿಷ್ಟು ಮೇಲಕ್ಕೇರಿಸಲೇ ಎಂದೆ. ಮೇಲೇರಿಸಿದರೆ ಒತ್ತಡ ಸಿಗುವುದಿಲ್ಲ ಎಂದು ಒಪ್ಪಲಿಲ್ಲ.

ಅವರು ಕಂಡುಕೊಂಡ ದಾರಿ ಎರಡು ಮರದ ಹಲಗೆ. ಹಂಪು ಬಂದಾಗ ಕಾರು ನಿಲ್ಲಿಸಿ, ಇಳಿದು, ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಹತ್ತಿ, ದಾಟಿಸಿ, ಮತ್ತೆ ಇಳಿದು, ಹಲಗೆ ಎತ್ತಿಕೊಂಡು ಮುಂದಿನ ಹಂಪಿಗೆ ಹೋಗುವುದು. ಹಿಂದೆ ವಾಹನಗಳ ಸಾಲು ಬೆಳೆಯುತ್ತಿತ್ತು. ಶಾಲೆಯ ಮಕ್ಕಳು ಬೇಲಿಗೆ ಮುತ್ತಿಕೊಂಡು ನೋಡುತ್ತಿದ್ದರು.

ಒಬ್ಬರಿಂದ ಆಗುವ ಕೆಲಸವಲ್ಲ ಎಂದು ತಿಳಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೊರಟರು. ಕಲಿಪಾ ಎಜೆ ಹೊಲಿಗೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಹೇಗೂ ಅದೇ ದಾರಿ. ನಾವೆಲ್ಲ ಅವರನ್ನು ಎಜೆ, ಅಂದರೆ ಅಕ್ಕ ಎಂದೇ ಕರೆಯುವುದು. ಮದುವೆಯಾದ ಹೊಸದರಲ್ಲಿ ಅಗಾಯ್ ಅವರಿಗೂ ಕಾರು ಕಲಿಸಲು ಹೊರಟಿದ್ದರು. ದಿನಕ್ಕೊಂದು ತಪ್ಪು ಕಂಡುಹಿಡಿದು, ಇನ್ನೂ ತಯಾರಾಗಿಲ್ಲ ಎಂದು ತೀರ್ಪು ಕೊಟ್ಟು, ಆ ತೀರ್ಪನ್ನು ಇಪ್ಪತ್ತು ವರ್ಷ ಬದಲಿಸಿರಲಿಲ್ಲ. ಊರಿಗೆಲ್ಲ ಲೈಸೆನ್ಸ್ ಕೊಡಿಸಿದ ಮೇಷ್ಟ್ರ ಹೆಂಡತಿ ಮಿನಿಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಮೊದಲು ಹಲಗೆ ಇಡುವ ಕೆಲಸ ಎಜೆಯದಾಯಿತು. ಹಲಗೆ ಒಂದು ದಿನ ಸೊಟ್ಟಗಾಗಿ ಸ್ಪ್ಲಿಟ್ಟರಿನ ಮೂಲೆ ಸೀಳಿತು. ನಡುರಸ್ತೆಯಲ್ಲೇ ಜಗಳ. ಹಲಗೆ ನೇರವಾಗಿ ಇಡಲು ಬಾರದವಳು ಎಂದರು ಅಗಾಯ್. ಚಕ್ರ ನೇರವಾಗಿ ತರಲು ಬಾರದವರು ಎಂದರು ಎಜೆ. ಆ ಮೂಲೆಯ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಬಂದ ಅಗಾಯ್ ತಮ್ಮ ಹೊಸ ಏರ್ಪಾಡನ್ನು ವಿವರಿಸಿದರು. ಹಲಗೆ ಇಡುವುದು ಸೂಕ್ಷ್ಮದ ಕೆಲಸ, ಅದನ್ನು ಇನ್ನು ಮೇಲೆ ತಾವೇ ಮಾಡುವುದು. ಸುಮ್ಮನೆ ಕೂತು ಕ್ಲಚ್ಚು ಬಿಡುವುದಷ್ಟೇ ಅವಳ ಕೆಲಸ.

ಹೊಲಿಗೆ ಮಷೀನಿನ ಪೆಡಲ್ ಮೇಲೆ ಆಯುಷ್ಯ ಕಳೆದ ಕಾಲಿಗೆ ಕ್ಲಚ್ಚು ಯಾವ ಲೆಕ್ಕ. ಕಾರು ಹಲಗೆಯ ಮೇಲೆ ಹಾಲಿನ ಕೆನೆ ಜಾರಿದ ಹಾಗೆ ಹತ್ತಿ ಇಳಿಯುತ್ತಿತ್ತು. ನಾನೇ ನಿಂತು ನೋಡಿದ್ದೇನೆ. ಅಗಾಯ್ ಕಾರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸುತ್ತಿದ್ದರು. ಎಜೆ ಆ ಕೈಯನ್ನು ನೋಡುತ್ತಲೇ ಇರಲಿಲ್ಲ, ಹಲಗೆಯನ್ನು ನೋಡುತ್ತಿದ್ದರು. ಬರಬರುತ್ತ ಒಂದು ಹಂಪಿನಿಂದ ಇನ್ನೊಂದಕ್ಕೆ ಹತ್ತಿ ಇಳಿಯುವುದು ಯಾಕೆಂದು ಅಗಾಯ್ ಹಲಗೆ ಹೊತ್ತು ಪಕ್ಕದಲ್ಲೇ ನಡೆದುಬರತೊಡಗಿದರು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಜೆ ಕಾರಿನಲ್ಲಿ, ಮೇಷ್ಟ್ರು ಕಾಲ್ನಡಿಗೆಯಲ್ಲಿ. ಇದರಲ್ಲಿ ವಿಶೇಷ ಏನಾದರೂ ಇದೆ ಎಂದು ಅವರಿಗೆ ಹೊಳೆಯಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಕೊನೆಯ ಹಂಪು ದಾಟಿದ ಕಾರಿನ ಹಿಂದೆ ಬಸ್ಸೊಂದು ಬಂದು ನಿಂತಿತು. ಮೂಲೆಯಲ್ಲಿದ್ದ ಪೊಲೀಸು ಕೋಲು ಬೀಸಿ, ದಾರಿ ಬಿಡು, ಮುಂದೆ ಹೋಗು ಎಂದು ಸನ್ನೆ ಮಾಡಿದ. ಅಗಾಯ್ ಹಲಗೆ ಎತ್ತಲು ಬಗ್ಗಿದ್ದರು. ತಲೆ ಎತ್ತುವ ಹೊತ್ತಿಗೆ ಬೆಳ್ಳಿ ಕಾರು ಮುಖ್ಯ ರಸ್ತೆಗೆ ತಿರುಗಿ, ಇಂಡಿಕೇಟರನ್ನೂ ಸರಿಯಾಗಿ ಹಾಕಿಕೊಂಡು, ಮಾಯವಾಗಿತ್ತು.

ಅಗಾಯ್ ಮೊದಲು ನಿಂತು ಕಾದರು. ಆಮೇಲೆ ಹಲಗೆಗಳನ್ನು ರಸ್ತೆಯಂಚಿನ ಮರದಡಿ ಹಾಕಿ ಅದರ ಮೇಲೆ ಕೂತರು. ಶಿಷ್ಯರು ಹೋಗುತ್ತ ಬರುತ್ತ ಸಲಾಂ ಹೇಳಿದರು. ಸುದ್ದಿ ನನಗೂ ಮುಟ್ಟಿ, ಆಸ್ಪತ್ರೆಗೆ ಫೋನ್ ಮಾಡಬೇಕೇನೋ ಎಂದುಕೊಳ್ಳುತ್ತ ಓಡಿದೆ. ನಾನು ಹೋಗಿ ಅವರ ಪಕ್ಕ ಕೂತು ಬಹಳ ಹೊತ್ತಾದ ಮೇಲೆ ಕಾರು ಬಂತು. ಗೀರು ಕೂಡ ಬಿದ್ದಿರಲಿಲ್ಲ. ಹಿಂದಿನ ಸೀಟಿನಲ್ಲಿ ಬಟ್ಟೆಯ ಥಾನುಗಳು, ಒಂದು ದೊಡ್ಡ ಕರ್ಬೂಜದ ಹಣ್ಣು.

"ಎಲ್ಲಿಗೆ ಹೋಗಿದ್ದೆ?" ಅಂದರು ಅಗಾಯ್.

"ಯೂ ಟರ್ನ್ ಸಿಗಲಿಲ್ಲ ರೀ. ಬೋರ್ಡಿಲ್ಲದ ಕಡೆ ತಿರುಗಿಸಬಾರದು ಅಂತ ನೀವೇ ಹೇಳ್ತಿದ್ರಲ್ಲ. ಹುಡುಕ್ತಾ ಹುಡುಕ್ತಾ ಬಜಾರೇ ಬಂದುಬಿಡ್ತು."

ಅಗಾಯ್ ಕಾರನ್ನು ಒಂದು ಸುತ್ತು ಬಂದರು. ಬೈಯಲು ಒಂದು ತಪ್ಪು ಸಿಕ್ಕಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಸಿಗಲಿಲ್ಲ. ಆಗ ಅವರಿಗೆ ಬೇರೆಯೇ ಒಂದು ವಿಷಯ ಹೊಳೆದು ಮುಖ ಸುಣ್ಣದಂತಾಯಿತು. ಎಜೆಗೆ ಲೈಸೆನ್ಸ್ ಇರಲಿಲ್ಲ. ಇವತ್ತಷ್ಟೇ ಅಲ್ಲ, ಇಷ್ಟು ದಿನವೂ ಇರಲಿಲ್ಲ. ಹಳದಿ ದೀಪಕ್ಕೂ ನಿಲ್ಲುವ ಮನುಷ್ಯ ಪ್ರತಿದಿನ, ಮಕ್ಕಳ ಶಾಲೆಯ ಮುಂದೆಯೇ, ಪೊಲೀಸನ ಕಣ್ಣೆದುರೇ ಕಾನೂನು ಮುರಿಯುತ್ತ ಬಂದಿದ್ದರು.

ಅಲ್ಲಿಂದ ನೇರ ಗ್ಯಾರೇಜಿಗೆ ಬಂದರು. ಸ್ಪ್ಲಿಟ್ಟರ್ ತೆಗೆದುಬಿಡು ಎಂದು ನನಗೆ ಆಜ್ಞೆಯಾಯಿತು. ನಾನು ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗಿದೆ. ಎಜೆಯ ಕಾಲು ನನ್ನ ತಲೆಯ ಹತ್ತಿರ ಬಂದು ನಿಂತಿತು.

"ತೆಗೀಬೇಡ ತಮ್ಮಾ. ಮುಂದಿಂದು ತೆಗೆದ್ರೆ ಹಿಂದಿಂದೂ ತೆಗೀಬೇಕಾಗುತ್ತೆ. ಇಲ್ದಿದ್ರೆ ಮೂತಿ ಹಗುರ ಆಗುತ್ತೆ. ನಿಮ್ಮ ಅಗಾಯ್‌ನೇ ಕೇಳು."

ನಾನು ಕಾರಿನಡಿಯಿಂದ ಕೇಳಿದೆ. ಅಗಾಯ್ ರೆಕ್ಕೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರಂತೆ. ರೆಕ್ಕೆಯನ್ನು ಬಿಡಲು ಅವರಿಂದಾಗಲಿಲ್ಲ, ಕಾನೂನನ್ನು ಬಿಡಲೂ ಆಗಲಿಲ್ಲ. ಉಳಿದದ್ದು ಒಂದೇ ದಾರಿ.

"ಹಾಗಾದ್ರೆ ನನ್ನ ಕ್ಲಾಸಿಗೆ ಸೇರ್ಕೋ," ಅಂದರು.

"ನಿಮ್ಮ ಕ್ಲಾಸಾ?" ಅಂದರು ಎಜೆ. "ನನ್ನ ಕಾಲ ಮುಗಿಯೋದ್ರೊಳಗೆ ಪಾಸಾಗಬೇಕು ರೀ ನಾನು."

ಎಜೆ ಎದುರು ಬೀದಿಯ ಇನ್ನೊಂದು ಶಾಲೆಗೆ ಸೇರಿದರು. ಪರೀಕ್ಷೆಯ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕೆ, ಅಗಾಯ್ ಕಾರಿನಲ್ಲಿ ಜಪಾನಿನ ರೀತಿ ಬಲಕ್ಕೆ. ಇದರಿಂದ ಕಷ್ಟವಾಯಿತೇ ಎಂದು ಕೇಳಿದ್ದಕ್ಕೆ, ಗಂಡನ ಪಕ್ಕದಲ್ಲಿ ಎಡಗಡೆಯೇ ಕೂತು ರೂಢಿ, ಯಾರೋ ತನ್ನ ಸೀಟಿನ ಮುಂದೆ ಸ್ಟೀರಿಂಗ್ ತಂದಿಟ್ಟ ಹಾಗಿತ್ತು ಎಂದರು. ಮೊದಲ ಸಲಕ್ಕೇ ಪಾಸಾದರು. ಅಗಾಯ್ ಆ ಶಾಲೆಯ ಪರೀಕ್ಷೆ ಸಡಿಲ ಎಂದು ಒಂದು ವಾರ ಹೇಳಿಕೊಂಡು ತಿರುಗಿ, ಆಮೇಲೆ ಸುಮ್ಮನಾದರು.

ಈಗ ಬೆಳ್ಳಿ ಕಾರು ಹೆಚ್ಚಾಗಿ ಎಜೆಯ ಹತ್ತಿರವೇ ಇರುತ್ತದೆ. ಕಾರ್ಖಾನೆಯ ಬಟ್ಟೆಯನ್ನು ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಅವರಿಗೆ ಸಿಕ್ಕಿದೆ. ಅಷ್ಟು ದೊಡ್ಡ ರೆಕ್ಕೆ ಇರುವುದರಿಂದ ಅಂಗಡಿಯವರಿಗೆ ದೂರದಿಂದಲೇ ಗುರುತು ಸಿಗುತ್ತದೆಯಂತೆ. ಬೆಳಿಗ್ಗೆ ಹಂಪುಗಳವರೆಗೆ ಅಗಾಯ್ ಜೊತೆಗಿರುತ್ತಾರೆ, ಹಲಗೆ ಇಟ್ಟು ದಾಟಿಸಿ, ಮಿನಿಬಸ್ಸು ಹಿಡಿದು ತಮ್ಮ ಶಾಲೆಗೆ ಹೋಗುತ್ತಾರೆ.

ಹೋದ ಶರತ್ಕಾಲದಲ್ಲಿ ಬೆಟ್ಟದಾಚೆಯ ತಲಾಸ್‌ನಲ್ಲಿ ಎಜೆಯ ತಂಗಿಯ ಮನೆಯಲ್ಲಿ ಔತಣವಿತ್ತು. ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂರಲು ನಾನು ಒಪ್ಪಿದ್ದರಿಂದ ನನ್ನನ್ನೂ ಕರೆದಿದ್ದರು. ಕಣಿವೆಯುದ್ದಕ್ಕೂ ಎಜೆ ತೊಂಬತ್ತರಲ್ಲಿ ಓಡಿಸಿದರು. ಅಗಾಯ್ ಎಡಗಡೆ ಕೂತು ಇಲ್ಲದ ಬ್ರೇಕನ್ನು ಒತ್ತುತ್ತ, ಕೈಯಲ್ಲಿ ಕೈ ಹೊಸೆಯುತ್ತ, ಒಂದು ಮಾತೂ ಆಡದೆ ಬಂದರು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ತಂಗಿಯ ಗಂಡ ಅಂಗಳಕ್ಕೆ ಬಂದು, ಎಜೆ ಸ್ಟೀರಿಂಗ್ ಬಿಟ್ಟು ಇಳಿಯುವುದನ್ನು ಕಂಡು ಬೆರಗಾದ. ಒಳಗೆ ಊಟಕ್ಕೆ ಹಾಸಿದ ದಸ್ತರ್‌ಖಾನಿನ ಬಟ್ಟೆಯ ಸುತ್ತ ಕೂತಾಗ ಎಲ್ಲರ ಮುಂದೆ ಅಗಾಯ್ ಅವರನ್ನು ಹೊಗಳಿದ. ಬೆಟ್ಟದ ದಾರಿಯಲ್ಲಿ ಹೆಣ್ಣುಮಗಳು ಹೀಗೆ ಓಡಿಸಿಕೊಂಡು ಬರಬೇಕಾದರೆ ಕಲಿಸಿದವರು ಅಂಥವರಿರಬೇಕು ಎಂದ. ಹಿರಿಯರು ಹೌದೆಂದು ತಲೆಯಾಡಿಸಿದರು.

ನಾನು ಎಜೆಯ ಮುಖ ನೋಡಿದೆ. ಅವರು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದರು.

ಅಗಾಯ್ ಗಂಟಲು ಸರಿಮಾಡಿಕೊಂಡರು. "ಸುಲಭ ಏನಿರಲಿಲ್ಲಪ್ಪಾ," ಅಂದರು. "ಇಪ್ಪತ್ತು ವರ್ಷ ಹಿಡೀತು."

ಎಜೆ ಬಟ್ಟಲನ್ನು ಅವರ ಮುಂದಿಟ್ಟು, ಜೊತೆಗೆ ರೊಟ್ಟಿಯ ಒಳ್ಳೆಯ ತುಂಡೊಂದನ್ನು ಮುರಿದುಕೊಟ್ಟರು.